ಏಳು ಮಿಲಿಮೀಟರು ನಗು

ನಗುವುದಕ್ಕೆ ಏನು ಕಷ್ಟ ಎಂದು ಉಪದೇಶ ಮಾಡುವವರು ಸಿಕ್ಕರೆ ನಾನು ಮೊದಲು ಅವರ ವಸಡು ನೋಡುತ್ತೇನೆ. ಅಂಥವರ ವಸಡು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಅವರ ತುಟಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ, ಹಲ್ಲು ಎಷ್ಟು ಕಾಣಬೇಕೋ ಅಷ್ಟೇ ಕಾಣುತ್ತದೆ. ನನ್ನದು ಹಾಗಿರಲಿಲ್ಲ. ನಾನು ನಕ್ಕರೆ ಮೇಲ್ದುಟಿ ನೇರವಾಗಿ ಮೂಗಿನ ಬುಡಕ್ಕೆ ಹೋಗಿ ಕೂರುತ್ತಿತ್ತು. ಅದರ ಕೆಳಗೆ ಗುಲಾಬಿ ಬಣ್ಣದ ವಸಡಿನ ದೊಡ್ಡ ಬಯಲು, ಬಯಲಿನ ಅಂಚಿಗೆ ಬೇಲಿಯ ಹಾಗೆ ಪುಟ್ಟ ಹಲ್ಲುಗಳು. ಉಡುಪಿಯ ಶಾಲೆಯಲ್ಲಿ ಪಕ್ಕ ಕೂರುತ್ತಿದ್ದ ಗೆಳತಿಯೊಬ್ಬಳು ಇದನ್ನು ಇಡೀ ತರಗತಿಗೆ ತಿಳಿಸಿದ ಮೇಲೆ ನಾನು ತುಟಿ ಮುಚ್ಚಿ ನಗುವುದನ್ನು ಅಭ್ಯಾಸ ಮಾಡಿಕೊಂಡೆ. ಎಷ್ಟು ಚೆನ್ನಾಗಿ ಮಾಡಿಕೊಂಡೆನೆಂದರೆ, ನನ್ನನ್ನು ನೋಡಲು ಬಂದ ಬೆಂಗಳೂರಿನ ಗಂಡಿನ ಕಡೆಯವರು ‘ಹುಡುಗಿ ಬಹಳ ಗಂಭೀರ’ ಎಂದು ಮೆಚ್ಚಿ ಒಪ್ಪಿಕೊಂಡರು. ನನ್ನವರಿಗೆ ಸತ್ಯ ತಿಳಿದದ್ದು ಮದುವೆಯಾಗಿ ತಿಂಗಳಾದ ಮೇಲೆ, ನಾನು ಮೈಮರೆತು ನಕ್ಕ ದಿನ. ಪುಣ್ಯಾತ್ಮರು, ಏನೂ ಅನ್ನಲಿಲ್ಲ.

ಗಾಂಭೀರ್ಯಕ್ಕೆ ಉಡುಪಿಯಲ್ಲಿ ಇದ್ದ ಬೆಲೆ ಅಮೆರಿಕದಲ್ಲಿ ಇಲ್ಲ. ಮದುವೆಯಾಗಿ ಅಲ್ಲಿಗೆ ಹೋದ ನಾವು ಆಗ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ದಿನಾ ಬೆಳಿಗ್ಗೆ ಸೇತುವೆ ದಾಟಿ ಸ್ಯಾನ್ ಮಟಿಯೋಗೆ ಹೋಗಿ, ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುವ ಹೊಸ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಹೂಕುಂಡ ಎಷ್ಟು ಹೋಗುತ್ತಿತ್ತೋ ಕಾಣೆ, ನಗುವಿಗಂತೂ ಬರವಿರಲಿಲ್ಲ. ಲಿಫ್ಟಿನಲ್ಲಿ, ಕಾಫಿ ಯಂತ್ರದ ಮುಂದೆ, ಎಲ್ಲರೂ ಮೂವತ್ತೆರಡು ಹಲ್ಲನ್ನೂ ತೋರಿಸಿಕೊಂಡೇ ಓಡಾಡುತ್ತಿದ್ದರು. ಒಂದು ದಿನ ಮ್ಯಾನೇಜರು ನನ್ನನ್ನು ಕೂರಿಸಿಕೊಂಡು, “ನಿನಗೆ ಇಲ್ಲಿ ಖುಷಿಯಿಲ್ಲವೇ?” ಎಂದು ಬಹಳ ಕಾಳಜಿಯಿಂದ ಕೇಳಿದ. ನಾನು ತುಟಿ ಮುಚ್ಚಿ ನಕ್ಕೆ. ಅವನ ಮುಖ ಇನ್ನಷ್ಟು ಬಾಡಿತು. ಅವತ್ತೇ ನಿಶ್ಚಯಿಸಿದೆ, ಸಾಯುವ ಮುಂಚೆ ಒಂದು ಸಲವಾದರೂ ನಾಲ್ಕು ಜನರ ಎದುರು ಬಾಯಿಬಿಟ್ಟು ನಗಬೇಕು.

ಅಲ್ಲೇ ಹತ್ತಿರದ ಬೆರ್ರಿಯೆಸಾದಲ್ಲಿ ಹಲ್ಲು ಸರಿಮಾಡುವ ಡಾಕ್ಟರಮ್ಮ ಒಬ್ಬರಿದ್ದರು, ವಿಯೆಟ್ನಾಮಿನವರು. ನನ್ನ ಮೇಲ್ದವಡೆಯೇ ಉದ್ದಕ್ಕೆ ಬೆಳೆದಿದೆ, ಬರೀ ಕ್ಲಿಪ್ಪಿನಿಂದ ಆಗುವ ಕೆಲಸವಲ್ಲ ಎಂದರು. ಮೊದಲು ಒಂದೂವರೆ ವರ್ಷ ಕ್ಲಿಪ್ಪು ಹಾಕಿ ಹಲ್ಲುಗಳನ್ನು ಸಾಲಿಗೆ ತರಬೇಕು. ಆಮೇಲೆ ಸರ್ಜನ್ನು ಮೇಲ್ದವಡೆಯನ್ನು ಕತ್ತರಿಸಿ, ಮೇಲಕ್ಕೆತ್ತಿ, ಸ್ಕ್ರೂ ಹೊಡೆಯಬೇಕು. ಆಮೇಲೆ ಮತ್ತೆ ಕೆಲವು ತಿಂಗಳು ಕ್ಲಿಪ್ಪು. “ಮನೆ ರಿಮಾಡೆಲ್ ಮಾಡ್ಸಿದ ಹಾಗಾಯ್ತಲ್ಲ ಕಣೇ” ಎಂದರು ನನ್ನವರು. ಅಮ್ಮ ಫೋನಿನಲ್ಲಿ, “ನಿನ್ನ ಅಜ್ಜಿಯದ್ದೂ ಇದೇ ಬಾಯಿ. ಅವರು ಎಂಬತ್ತು ವರ್ಷ ನಗ್ಲಿಲ್ವಾ? ದವಡೆ ಕೊಯ್ಸಿಕೊಳ್ಳುವಂಥದ್ದು ಎಂತ ಆಗಿದೆ ನಿಂಗೆ?” ಎಂದು ರೇಗಿದಳು. ರೇಗಿದರೂ ಆಪರೇಷನ್ನಿನ ಹೊತ್ತಿಗೆ ಕುಚ್ಚಲಕ್ಕಿ ಕಟ್ಟಿಕೊಂಡು ಬಂದಿಳಿದಳು.

ಆಪರೇಷನ್ನಿಗೆ ಮುಂಚೆ ಒಂದು ಅಳತೆ ಆಗಬೇಕಿತ್ತು. ಮನಸಾರೆ ನಕ್ಕಾಗ ಎಷ್ಟು ವಸಡು ಕಾಣುತ್ತದೋ ಅದನ್ನು ನೋಡಿ ದವಡೆ ಎಷ್ಟು ಎತ್ತಬೇಕೆಂದು ತೀರ್ಮಾನಿಸುತ್ತಾರೆ. ಡಾಕ್ಟರಮ್ಮ ಸಣ್ಣ ಸ್ಟೀಲಿನ ಸ್ಕೇಲು ಹಿಡಿದು “ನಗಿ” ಎಂದರು. ಇಪ್ಪತ್ತು ವರ್ಷ ತುಟಿಗೆ ಕೊಟ್ಟ ತರಬೇತಿ ಸುಮ್ಮನೆ ಬಿಟ್ಟೀತೇ? ಎರಡು ಮಿಲಿಮೀಟರಿಗಿಂತ ಮೇಲೆ ಅದು ಏಳಲೇ ಇಲ್ಲ. “ಇಷ್ಟೇ ಆದರೆ ಆಪರೇಷನ್ನೇ ಬೇಡವಲ್ಲ” ಎಂದು ಅವರು ಹುಬ್ಬೇರಿಸಿದರು. ಒಂದೂವರೆ ವರ್ಷ ತಂತಿ ಕಟ್ಟಿಕೊಂಡು ಒದ್ದಾಡಿದ್ದು ನೀರುಪಾಲಾಗುವ ಹಾಗಿತ್ತು. ನನ್ನವರು ತಮಗೆ ಗೊತ್ತಿದ್ದ ಮೂರು ಜೋಕನ್ನೂ ಹೇಳಿದರು. ಅವರ ಜೋಕಿಗೆ ನಗದಿರುವುದು ಕೂಡ ನನಗೆ ವರ್ಷಗಳ ಅಭ್ಯಾಸ. ಡಾಕ್ಟರಮ್ಮ ಇನ್ನೂ ಹತ್ತಿರ ಬಗ್ಗಿ, ನನ್ನ ತುಟಿಯನ್ನು ಬೆರಳಿನಿಂದ ಎತ್ತಿ ಇಣುಕಿದರು.

ಮೂಲೆಯ ಕುರ್ಚಿಯಲ್ಲಿದ್ದ ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. “ಎಂತ ಮಾರಾಯ್ತಿ, ಇವರು ಬಂಗುಡೆ ಮೀನು ತೆಗೊಳ್ಳುವವರ ಹಾಗೆ ನೋಡುವುದು? ಕಿವಿರು ಎತ್ತಿ ಒಳಗೆ ಕೆಂಪುಂಟಾ ಅಂತ. ತಾಜಾ ಉಂಟು, ತೆಗೊಳ್ಳಿಕ್ಕೆ ಹೇಳು” ಎಂದಳು.

ನಾನು ನಕ್ಕೆ. ತುಟಿ ಮೂಗು ಮುಟ್ಟುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಡಾಕ್ಟರಮ್ಮ ಎಂಥ ಚುರುಕಿನವರೆಂದರೆ, ಆ ನಗುವಿನ ನಡುವೆಯೇ ಸ್ಕೇಲು ಇಟ್ಟು “ಏಳು” ಎಂದು ಬರೆದುಕೊಂಡರು. ಆಮೇಲೆ ಅಮ್ಮ ಹೇಳಿದ್ದೇನೆಂದು ಕೇಳಿ ತಿಳಿದು, ತಮ್ಮ ಅಜ್ಜಿಯೂ ಮೀನನ್ನು ಹೀಗೇ ನೋಡಿ ಕೊಳ್ಳುತ್ತಿದ್ದರೆಂದು ಅವರೂ ನಕ್ಕರು.

ಆಪರೇಷನ್ ಸಸೂತ್ರವಾಗಿ ಮುಗಿಯಿತು. ಎಚ್ಚರವಾದಾಗ ಮುಖ ಹಲಸಿನಹಣ್ಣಿನ ಗಾತ್ರಕ್ಕೆ ಊದಿತ್ತು, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ರಬ್ಬರ್ ಬ್ಯಾಂಡು ಬಿಗಿದಿದ್ದರು. ಆರು ವಾರ ಅಗಿಯುವ ಹಾಗಿಲ್ಲ, ನಗುವ ಹಾಗಂತೂ ಇಲ್ಲವೇ ಇಲ್ಲ. ಅಮ್ಮ ಗಂಜಿಯನ್ನೂ ಮೀನುಸಾರನ್ನೂ ಸೋಸಿ ಸೋಸಿ, ಆಸ್ಪತ್ರೆಯವರು ಕೊಟ್ಟ ಸಿರಿಂಜಿನಿಂದ ಕೆನ್ನೆಯ ಸಂದಿಗೆ ಬಿಡುತ್ತಿದ್ದಳು. ಬಾಯಿಗೆ ಬೀಗ ಬಿದ್ದ ಆ ಆರು ವಾರದಲ್ಲೇ ನನ್ನವರ ಮೂರು ಜೋಕೂ ನನಗೆ ಒಟ್ಟಿಗೆ ಅರ್ಥವಾದವು. ಅವರು ಬಾಗಿಲಲ್ಲಿ ಕಂಡರೆ ಸಾಕು, ನಾನು ದವಡೆ ಹಿಡಿದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದೆ. ಇಷ್ಟು ಒಳ್ಳೆಯ ಶ್ರೋತೃ ತಮಗೆ ಯಾವತ್ತೂ ಸಿಕ್ಕಿರಲಿಲ್ಲವೆಂದು ಅವರಿಗೂ ಹೆಮ್ಮೆ.

ಐದನೇ ತಿಂಗಳಿಗೆ ಕ್ಲಿಪ್ಪು ಬಿಚ್ಚಿದರು. ಡಾಕ್ಟರಮ್ಮ ಕೈಗೆ ಕನ್ನಡಿ ಕೊಟ್ಟು “ನಗಿ” ಎಂದರು. ತುಟಿ ಏಳಬೇಕಾದಷ್ಟೇ ಎದ್ದು, ಹಲ್ಲಿನ ಮೇಲಂಚಿಗೆ ಬಂದು ನಿಂತಿತು. ನಿಜ ಹೇಳುತ್ತೇನೆ, ಆ ಕುರ್ಚಿಯಲ್ಲೇ ಅತ್ತುಬಿಟ್ಟೆ. ಅಳುವಾಗಲೂ ಹಲ್ಲು ಚೆನ್ನಾಗಿಯೇ ಕಂಡವು.

ಮರುದಿನ ಆಫೀಸಿನಲ್ಲಿ ಎಲ್ಲರನ್ನೂ ಸೇರಿಸಿ ಮೀಟಿಂಗು ಕರೆದಿದ್ದರು. ಸದಾ ಹಿಂದೆ ನಿಲ್ಲುವ ನಾನು ಅವತ್ತು ಮೊದಲನೇ ಸಾಲಿನಲ್ಲಿ ಹೋಗಿ ಕೂತೆ. ಮ್ಯಾನೇಜರು ಏನೋ ಗದ್ಗದವಾಗಿ ಮಾತಾಡುತ್ತಿದ್ದ. ನನ್ನ ಗಮನವೆಲ್ಲ ಅವನ ಹಿಂದಿನ ಕಿಟಕಿಯ ಗಾಜಿನಲ್ಲಿತ್ತು. ಅಲ್ಲಿ ಒಬ್ಬ ಹೆಂಗಸು ಅದ್ಭುತವಾಗಿ ನಗುತ್ತಿದ್ದಳು. ಮೀಟಿಂಗು ಮುಗಿದ ಮೇಲೆ ಅವನು ಬಂದು ನನ್ನ ಕೈ ಹಿಡಿದು, “ಇಂಥ ದಿನ ನಿನ್ನ ಮುಖ ನೋಡಿಯೇ ನನಗೆ ಧೈರ್ಯ ಬಂತು” ಎಂದ. ಎಂಥ ದಿನ ಎಂದು ಕೇಳಿದೆ. ಕಂಪನಿ ಮುಚ್ಚಿದೆ, ನಾಳೆಯಿಂದ ಯಾರೂ ಬರಬೇಕಾಗಿಲ್ಲ ಎಂದು ಅವನು ಮತ್ತೊಮ್ಮೆ, ನಿಧಾನವಾಗಿ ಹೇಳಿದ.

ಮನೆಗೆ ಬಂದಾಗ ಅಮ್ಮ ಊರಿಗೆ ಹೊರಡಲು ಸೂಟ್‌ಕೇಸು ತುಂಬುತ್ತಿದ್ದಳು. ಎದುರು ನಿಂತು, “ಅಮ್ಮ, ನನ್ನ ಕೆಲಸ ಹೋಯ್ತು” ಎಂದೆ. ಅವಳು ಮಡಿಸುತ್ತಿದ್ದ ಸೀರೆಯನ್ನು ಕೆಳಗಿಟ್ಟು ನನ್ನ ಬಾಯನ್ನೇ ನೋಡಿದಳು.

“ಹೋದ್ರೆ ಹೋಗ್ಲಿ ಮಾರಾಯ್ತಿ. ಇನ್ನೊಮ್ಮೆ ಹೇಳು ನೋಡುವಾ, ಎಷ್ಟು ಚಂದ ಕಾಣ್ತದೆ.”

ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಇನ್ನೊಮ್ಮೆ ಹೇಳಿದೆ, ಈ ಸಲ ಸ್ವಲ್ಪ ಬೆಳಕಿನ ಕಡೆ ತಿರುಗಿಕೊಂಡು.