ಹನ್ನೊಂದು ವೋಲ್ಟಿನ ಟಿವಿ

ನಿಜಗುಣಪ್ಪ ತೀರಿಹೋಗಿ ಎರಡು ತಿಂಗಳಾದರೂ ಗೌಸಸಾಬನ ಜೊತೆ ವಾದ ಮಾಡುವುದನ್ನು ಬಿಟ್ಟಿರಲಿಲ್ಲ. ಬದುಕಿದ್ದಾಗ ಬಾಯಿಂದ ಮಾಡುತ್ತಿದ್ದ. ಈಗ ಯಂತ್ರದ ಮೂಲಕ.

ಇಬ್ಬರೂ ಟಿವಿ ರಿಪೇರಿಯವರು. ಗೌಸಸಾಬನಿಗೆ ಬೈಲಹೊಂಗಲದಲ್ಲಿ ಮನೆಯ ಮುಂದಿನ ಕೋಣೆಯೇ ಅಂಗಡಿ, ನಿಜಗುಣಪ್ಪನದು ದೊಡವಾಡ. ಇಪ್ಪತ್ತು ವರ್ಷ ಅವರ ನಡುವೆ ನಡೆದದ್ದು ಒಂದೇ ಜಗಳ. ಗೌಸಸಾಬನಿಗೆ ಅಂಗೈಯಗಲದ ಮೀಟರು ಸಾಕು. ನಿಜಗುಣಪ್ಪನಿಗೆ ಧಾರವಾಡದಿಂದ ಹೊತ್ತು ತಂದಿದ್ದ ಸೆಕೆಂಡ್ ಹ್ಯಾಂಡ್ ಆಸಿಲೋಸ್ಕೋಪೇ ಆಗಬೇಕು. (ಚಿಕ್ಕ ಪರದೆ, ಅದರೊಳಗೊಂದು ಹಸಿರು ಗೆರೆ. ಪ್ರೋಬು ಎಂಬ ಮೊನೆಯ ಕಡ್ಡಿಯನ್ನು ಎಲ್ಲಿ ಮುಟ್ಟಿಸಿದರೆ ಅಲ್ಲಿನ ಕರೆಂಟಿನ ನಾಡಿ ಹಿಡಿದು ತೋರಿಸುತ್ತದೆ. ತೂಕ ಒಂದು ಆಡಿನ ಮರಿಯಷ್ಟು.) "ಮೀಟರು ಅಂದಾಜು ಹೇಳತೈತಿ, ಸ್ಕೋಪು ಖರೇ ಹೇಳತೈತಿ" ಎಂಬುದು ನಿಜಗುಣಪ್ಪನ ಸಿದ್ಧಾಂತ.

ಅವನ ಹೆಂಡತಿ ದೇವಕ್ಕ ಆ ಸ್ಕೋಪನ್ನೂ, ಹಿಂಬದಿ ಬಿಚ್ಚಿದ್ದ ತಮ್ಮ ಮನೆಯ ಟಿವಿಯನ್ನೂ ಗೌಸಸಾಬನಿಗೆ ಒಪ್ಪಿಸಿದಳು.

"ಇದನ್ನ ಬಿಚ್ಚಿದ ದಿನಾನ ಅವ್ರಿಗೆ ಹಂಗ ಆತ್ರಿ. ಅರ್ಧಕ್ಕ ಉಳದೈತಿ. ನೀವ ಮುಗಸ್ರಿ, ಅಣ್ಣಾರ."

ಟಿವಿಗೆ ಏನಾಗಿತ್ತೆಂದು ಗೌಸಸಾಬ ಕೇಳಲಿಲ್ಲ. ಕೇಳಿದರೆ ಆ ದಿನದ ಮಾತು ಬರುತ್ತದೆ. ಆ ಮಾತು ಬಂದರೆ ಆಕೆ ಅಳುತ್ತಾಳೆ. ಆಕೆ ಅತ್ತರೆ ತನ್ನ ಗತಿಯೇನು? ಟಿವಿಯನ್ನು ಟೆಂಪೋಕ್ಕೆ ಹಾಕಿಸಿ, ಸ್ಕೋಪನ್ನು ಸ್ಕೂಟರಿನ ಹಿಂದೆ ಹಗ್ಗದಿಂದ ಬಿಗಿದು ಊರಿಗೆ ತಂದ.

ಗೆಳೆಯ ಹೋದ ಮೇಲಾದರೂ ವಾದದಲ್ಲಿ ಸೋಲೋಣ ಎಂದು ಟಿವಿಯನ್ನು ಮೊದಲು ಸ್ಕೋಪಿನಿಂದಲೇ ಅಳೆದ. ನೂರಾಹತ್ತು ವೋಲ್ಟು ಇರಬೇಕಾದಲ್ಲಿ ಹನ್ನೊಂದು ಬಂತು. ಮೀಟರು ನೂರಾಹತ್ತು ಎಂದಿತು. ಆತ ಇಪ್ಪತ್ತು ವರ್ಷ ಸಾಕಿದ ಮೀಟರನ್ನು ಡ್ರಾವರಿಗೆ ಹಾಕಿ ಮುಚ್ಚಿಬಿಟ್ಟ. ಸತ್ತವನ ಮಾತಿಗೆ ಬೆಲೆ ಕೊಡಬೇಡವೇ?

ಶಸ್ತ್ರಚಿಕಿತ್ಸೆ ಆರಂಭವಾಯಿತು. ಒಂದೊಂದೇ ಸಾಮಾನು ಕಿತ್ತು ಹೊಸದು ಕೂಡಿಸಿದ. ಹನ್ನೊಂದು. ಮತ್ತೆ ಕಿತ್ತ. ಹನ್ನೊಂದು.

"ಉಣ್ಣೂ ತಾಟಿನ್ಯಾಗ ಏನ್ರಿ ಇವು?" ಎಂದಳು ಹೆಂಡತಿ ರಹೀಮಬಿ.

"ಕೆಟ್ಟ ಸಾಮಾನ."

"ಹದಿನೇಳೂ ಕೆಟ್ಟಾವು?"

"ಒಂದು ಕೆಟ್ರ ಮಗ್ಗಲದಾಗಿಂದನ್ನೂ ಕೆಡಸತೈತಿ."

"ಹಂಗಾರ ಇಪ್ಪತ್ತೆರಡು ವರ್ಷ ನಿಮ್ಮ ಮಗ್ಗಲದಾಗ ಇದ್ದು ನಾ ಹೆಂಗ ಚಲೋ ಉಳದೇನಿ?"

ಗಡಿಬಿಡಿಯಲ್ಲಿ ಆತನ ಬೆರಳು ಪ್ರೋಬಿನ ತುದಿಗೆ ತಾಗಿ, ಪರದೆಯ ಮೇಲೆ ಅಲೆಯೊಂದು ಎದ್ದಿತು. ಕರೆಂಟೇ ಇಲ್ಲದ ಬೆರಳಿಗೆ ಅಲೆ ಏಕೆ? ಸ್ಕೋಪಿಗೇ ಏನಾದರೂ ಆಗಿದೆಯೇ? ರಹೀಮಬಿ ತಾನೂ ಬೆರಳಿಟ್ಟಳು. ಅಲೆ ಇನ್ನೂ ದೊಡ್ಡದಾಯಿತು.

"ಈ ಮನ್ಯಾಗ ಯಾರ್ದು ನಡೀತೈತಿ ಅಂತ ಈ ಪೆಟ್ಟಿಗಿಗೂ ತಿಳದೈತಿ" ಎಂದು ಆಕೆ ಒಲೆಯ ಕಡೆ ಹೋದಳು.

ಅವನಿಗೆ ನಗು ಬರಲಿಲ್ಲ. ಹೊರಗೆ ಹೋಗಿ ಸ್ಕೂಟರಿನ ಬ್ಯಾಟರಿ ಬಿಚ್ಚಿ ತಂದು ಪ್ರೋಬು ಹಿಡಿದ. ಹನ್ನೆರಡು ವೋಲ್ಟಿನ ಬ್ಯಾಟರಿ, ಬೆಳಿಗ್ಗೆಯಷ್ಟೇ ಚೆನ್ನಾಗಿ ಹಾರ್ನು ಹೊಡೆದದ್ದು, ಸ್ಕೋಪಿನಲ್ಲಿ ಒಂದೂ ಚಿಲ್ಲರೆ ವೋಲ್ಟಿಗೆ ಇಳಿದಿತ್ತು.

ಅಂದರೆ ಕೆಟ್ಟದ್ದು ಸ್ಕೋಪು. ನಿಜಗುಣಪ್ಪನ ಕೈಯಲ್ಲಿ ಖರೇ ಹೇಳುತ್ತಿದ್ದದ್ದು ತನ್ನ ಕೈಗೆ ಬಂದ ಮೇಲೆ ಕೆಟ್ಟಿದೆ. ದೊಡವಾಡ ದಾಟಿದ ಮೇಲೆ ಸ್ಕೂಟರು ಒಂದು ತೆಗ್ಗಿನಲ್ಲಿ ಕುಣಿದು, ಹಿಂದೆ 'ಟಣ್' ಎಂದ ಸದ್ದು ಈಗ ಅವನ ಎದೆಯಲ್ಲಿ ಕೇಳಿಸಿತು. ಗೆಳೆಯ ಬಿಟ್ಟುಹೋದ ಒಂದೇ ಒಂದು ವಸ್ತುವನ್ನು ತಾನು ಹಗ್ಗ ಕಟ್ಟಿ ಕೊಂದಿದ್ದ. ಇದನ್ನು ದೇವಕ್ಕನಿಗೆ ಯಾವ ಬಾಯಿಂದ ಹೇಳುವುದು? ಆಕೆ ಪ್ರತಿ ಸಂತೆಗೂ ಬಂದು "ಅವ್ರ ಮಿಶಿನ್ನು ಹೆಂಗ ನಡದೈತ್ರಿ?" ಎಂದು ಕೇಳುತ್ತಿದ್ದಳು. "ಭಾರೀ ಚಲೋ ನಡದೈತಿ ವೈನಿ" ಎಂದು ಅವನು ಮೂರು ಸಂತೆ ಸುಳ್ಳು ಹೇಳಿದ.

ನಾಲ್ಕನೆಯ ಸಂತೆಗೆ ದೇವಕ್ಕ ಬಂದವಳು ಬಾಗಿಲಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಬಂದು ಸ್ಕೋಪಿನ ಮುಂದಿನ ಸ್ಟೂಲಿನ ಮೇಲೆ ಕುಳಿತಳು.

"ವೈನಿ, ಒಂದು ಮಾತ ಹೇಳೂದೈತ್ರಿ" ಎಂದ ಗೌಸಸಾಬ. "ಸ್ಕೋಪು... ದಾರ್ಯಾಗ... ನಂದ ತಪ್ಪ್ರಿ. ನೂರಾಹತ್ತು ಇದ್ರ ಹನ್ನೊಂದು ತೋರಸತೈತಿ. ಕೆಡಿಸಿಬಿಟ್ನಿ."

ದೇವಕ್ಕ ಪ್ರೋಬನ್ನು ಕೈಗೆತ್ತಿಕೊಂಡು, ಅದರ ಹಿಡಿಯ ಮೇಲಿದ್ದ ಕಡಲೆಕಾಳಿನಷ್ಟು ಸ್ವಿಚ್ಚನ್ನು ಹೆಬ್ಬೆರಳಿನಿಂದ ತೋರಿಸಿದಳು.

"ಇದು ಹತ್ತರ ಕಡೆ ಐತಲ್ರಿ. ಅಂದ್ರ ಹತ್ತರಾಗ ಒಂದ ಪಾಲು ಅಷ್ಟ ಒಳಗ ಬಿಡತೈತಿ. ಟಿವಿ ಅಳ್ಯಾಕ ಅವ್ರು ಯಾವಾಗ್ಲೂ ಹಿಂಗ ಇಡತಿದ್ರು. ಕಂಡದ್ದಕ್ಕ ಬಾಯಾಗ ಒಂದು ಸೊನ್ನಿ ಹಚ್ಚತಿದ್ರು. ಚಾ ಹಿಡಕೊಂಡು ಮಗ್ಗಲಕ ನಿಂತು ನಾನೂ ಕಲತೇನಿ."

ಹನ್ನೊಂದಕ್ಕೆ ಒಂದು ಸೊನ್ನೆ. ನೂರಾಹತ್ತು. ಗೌಸಸಾಬನ ಎದೆಯ ಮೇಲಿಂದ ಸ್ಕೂಟರೇ ಇಳಿದಂತಾಯಿತು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಮುಚ್ಚಿದವನು ತಕ್ಷಣ ತೆರೆದ.

"ಹಂಗಾದ್ರ, ವೈನಿ... ಟಿವಿಗೆ ಏನಾಗಿತ್ರಿ?"

"ಟಿವಿಗೆ ಏನೂ ಆಗಿದ್ದಿಲ್ರಿ. ಹಬ್ಬ ಬಂತು, ಒಳಗಿನ ಧೂಳ ಹೊಡೀತೇನಿ ಅಂತ ಬಿಚ್ಚಿದ್ರು. ಪಿಕ್ಚರ್ ಟ್ಯೂಬಿನ ಹಿಂದಿನ ಸಾಕೆಟ್ಟು ಕಿತ್ತಿಟ್ಟಿದ್ರು. ಅದನ್ನ ಹಚ್ಚಿ, ಹಿಂದಿನ ಮುಚ್ಚಳ ಮುಚ್ಚಿದ್ರ ಆಗತಿತ್ತು."

ಒಳಗಿನಿಂದ ಎಲ್ಲ ಕೇಳುತ್ತಿದ್ದ ರಹೀಮಬಿ ಊಟದ ತಟ್ಟೆಯನ್ನು ತಂದು ದೇವಕ್ಕನ ಮುಂದಿಟ್ಟಳು. ಹದಿನೇಳೂ ಆರೋಗ್ಯವಂತ ಸಾಮಾನುಗಳು ಅದರಲ್ಲಿ ಕಾಲು ಮೇಲೆ ಮಾಡಿ ಮಲಗಿದ್ದವು.

ದೇವಕ್ಕ ತಟ್ಟೆ ನೋಡಿದಳು. ಗೌಸಸಾಬನನ್ನು ನೋಡಿದಳು. ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಳು. ನಗುತ್ತ ನಗುತ್ತ ಸೆರಗು ಕಣ್ಣಿಗೆ ಹೋಯಿತು, ಮತ್ತೆ ಕೆಳಗಿಳಿಯಿತು.

"ಒಮ್ಮಿ ಕೇಳಿದ್ರ ಹೇಳತಿದ್ನಲ್ರಿ, ಅಣ್ಣಾರ."

"ಕೇಳಾಕ ಆಗಲಿಲ್ರಿ."

"ಅವ್ರು ಇದ್ರ ಇದನ್ನ ಊರ ತುಂಬ ಹೇಳತಿದ್ರು."

"ಹೇಳತಿದ್ದ" ಎಂದ ಗೌಸಸಾಬ. ಕಣ್ಣು ತುಂಬಿದ್ದರೂ ಆ ಒಂದು ವಿಷಯದಲ್ಲಿ ಅವನಿಗೆ ಸಮಾಧಾನವಿತ್ತು. "ಪುಣ್ಯಾಕ್ಕ, ಹೇಳಾಕ ಅಂವ ಇಲ್ಲ."

ದೇವಕ್ಕ ಸಂತೆಯ ಚೀಲ ಎತ್ತಿಕೊಂಡು ಎದ್ದಳು.

"ಹೇಳಾಕ ನಾ ಅದೀನಲ್ರಿ" ಎಂದಳು.

ದೊಡವಾಡದ ಬಸ್ಸು ಸ್ಟ್ಯಾಂಡು ಬಿಡುವಷ್ಟರಲ್ಲಿ ಸಂಗತಿ ಕಂಡಕ್ಟರನಿಗೂ ಗೊತ್ತಾಗಿತ್ತು.