ಮೊಗ್ಗಿನ ಜಡೆಯ ಮುಂದೆ ಎರಡು ಕ್ಯಾಮರಾ

ಏನೇ ಆಗಲಿ, ಮಗನ ಮೊಗ್ಗಿನ ಜಡೆಯ ಫೋಟೊ ತನ್ನ ಹಳೆಯ ಕ್ಯಾಮರಾದಲ್ಲಿಯೇ ಆಗಬೇಕು! ಭೂಮಿ ತಿರುಗುವುದು ನಿಲ್ಲಲಿ, ಯಳಂದೂರಿಗೆ ಯೂರಿಯಾ ಬರುವುದು ನಿಲ್ಲಲಿ, ಈ ಮಾತಿನಿಂದ ಮಾತ್ರ ಹಿಂದೆ ಸರಿಯುವುದಿಲ್ಲ! ಗೊಬ್ಬರದ ಅಂಗಡಿಯ ಶಾಂತಮೂರ್ತಿ ಆ ಬೆಳಿಗ್ಗೆ ಹಲ್ಲುಜ್ಜುತ್ತಲೇ ಇಂಥದೊಂದು ಪ್ರತಿಜ್ಞೆ ಮಾಡಿದ. ನೊರೆಯ ನಡುವಿನಿಂದ ಹೊರಟ ಪ್ರತಿಜ್ಞೆಯಾದ್ದರಿಂದ ಹೆಂಡತಿ ಸೌಮ್ಯಳಿಗೆ ಅದರಲ್ಲಿ ಅರ್ಧ ಮಾತ್ರ ಕೇಳಿಸಿತು.

"ಮೊದ್ಲು ಉಗುದ್ಬುಟ್ಟು ಬನ್ನಿ, ಆಮೇಕ ಶಪತ ಮಾಡೂರಂತೆ," ಎಂದಳು ಅವಳು.

ಅವನ ಮಗ ಮಹದೇವುವಿಗೆ ಮೂರು ವರ್ಷ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಆ ಕೂದಲು ಬೆಟ್ಟದ ದೇವರು ಮಾದಪ್ಪನಿಗೆ ಮೀಸಲು. ಮಾರನೆಯ ದಿನ ಮೊದಲ ಬಸ್ಸಿಗೆ ಮನೆಮಂದಿಯೆಲ್ಲ ಹೊರಟು, ಕೊಳ್ಳೇಗಾಲ ಹನೂರು ದಾಟಿ, ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬರುವುದೆಂದು ನಿಶ್ಚಯವಾಗಿತ್ತು. ಆ ಮನೆಯಲ್ಲೊಂದು ಪದ್ಧತಿ. ಮುಡಿ ಕೊಡುವ ಮುನ್ನ ಗಂಡುಕೂಸಿಗೆ ಲಂಗ ರವಿಕೆ ತೊಡಿಸಿ, ಮಲ್ಲಿಗೆ ಮೊಗ್ಗಿನ ಜಡೆ ಹಾಕಿ, ಬೆನ್ನ ಹಿಂದೆ ಕನ್ನಡಿ ನಿಲ್ಲಿಸಿ ಒಂದು ಫೋಟೊ ತೆಗೆಸಬೇಕು. ಮುಂದೆ ಮುಖ, ಕನ್ನಡಿಯಲ್ಲಿ ಜಡೆ. ಎರಡೂ ಒಂದೇ ಚಿತ್ರದಲ್ಲಿ ಬೀಳಬೇಕು. ಶಾಂತಮೂರ್ತಿಯ ಅಜ್ಜನದು, ಅಪ್ಪನದು, ಕೊನೆಗೆ ಸಾಕ್ಷಾತ್ ಶಾಂತಮೂರ್ತಿಯದು, ಹೀಗೆ ಮೂರು ತಲೆಮಾರಿನ ಗಂಡಸರು ಲಂಗ ಉಟ್ಟುಕೊಂಡು ಪಡಸಾಲೆಯ ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದರು. ಎಲ್ಲವೂ ಕೊಳ್ಳೇಗಾಲದ ಸ್ಟುಡಿಯೊದಲ್ಲಿ ತೆಗೆಸಿದವು. ಈ ಸಲ ಮಾತ್ರ, "ಮನೇಲೇ ಕ್ಯಾಮರಾ ಇರುವಾಗ ಸ್ಟುಡಿಯೊ ಯಾಕೆ?" ಎಂದು ಶಾಂತಮೂರ್ತಿ ಎದೆಯುಬ್ಬಿಸಿ ಹೇಳಿಬಿಟ್ಟಿದ್ದ. ಇಂದು ತಪ್ಪಿದರೆ ತಪ್ಪಿತು. ನಾಳೆ ಹೊತ್ತಿಗೆ ತಲೆ ಬೋಳು. ಬೋಳುತಲೆಗೆ ಯಾವ ಮೊಗ್ಗಿನ ಜಡೆ?

ಇಷ್ಟರಲ್ಲಿ ಸೌಮ್ಯಳ ತಮ್ಮ ರುದ್ರಸ್ವಾಮಿ ಬಂದಿಳಿದ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಅಂಗಡಿ ಇಟ್ಟವನು. ಬಿಡುವಾದಾಗಲೆಲ್ಲ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಹಕ್ಕಿಗಳ ಫೋಟೊ ತೆಗೆಯುವ ಗೀಳಿನವನು. ಅಂದೂ ನಸುಕಿನಲ್ಲೇ ಬೆಟ್ಟಕ್ಕೆ ಹೋಗಿ, ಅಲ್ಲಿಂದ ನೇರ ಅಕ್ಕನ ಮನೆಗೆ ಬಂದಿದ್ದ. ಕೊರಳಲ್ಲಿ ಹೊಚ್ಚಹೊಸ ಕ್ಯಾಮರಾ!

"ಬಾವ, ಇದು ಮಿರರ್‌ಲೆಸ್ಸು. ಒಳಗ ಕನ್ನಡಿನೇ ಇಲ್ಲ. ಸದ್ದಿಲ್ಲ, ತೂಕ ಇಲ್ಲ. ಪರದ ಮ್ಯಾಲ ಎಂಗ್ ಕಾಣ್ತದೋ ಅಂಗೇ ಫೋಟೊ ಬತ್ತದ. ಎದುರ್ಗಿರೋರ ಕಣ್ಣ ತಾನೇ ಉಡಿಕ್ಕತದ, ನೋಡಿ ಬೇಕಾದ್ರ!"

ನೋಡಿದರೆ ನಿಜ! ಪರದೆಯ ಮೇಲೆ ಒಂದು ಹಸಿರು ಚೌಕ ಹಾರಿಬಂದು ಶಾಂತಮೂರ್ತಿಯ ತಾಯಿ ದೊಡ್ಡಬಸಮ್ಮನವರ ಎಡಗಣ್ಣಿನ ಮೇಲೆ ನೊಣದಂತೆ ಕುಳಿತಿತು. ಮುದುಕಿ ಮುಖ ತಿರುಗಿಸಿದರೂ ಬಿಡಲಿಲ್ಲ.

"ಕಣ್ಣ ಉಡುಕಕ್ಕ ನನ್ಗೇ ಎರಡ್ ಕಣ್ಣವ ಕಣ್ಲಾ," ಎಂದ ಶಾಂತಮೂರ್ತಿ. "ಕ್ಯಾಮರಾ ಇಡ್ಕಂಡ್ರ ಕ್ಯಾಮರಾ ಇಡ್ಕಂಡಂಗಿರ್ಬೇಕು. ನಿಂದು ಸೋಪಿನ್ ಡಬ್ಬಿ ಇಡ್ಕಂಡಂಗದ!"

ಹೀಗೆಂದು ಬೀರುವಿನಿಂದ ತನ್ನದನ್ನು ಹೊರತೆಗೆದ. ಹನ್ನೊಂದು ವರ್ಷದ ಹಿಂದೆ, ಮದುವೆಗೂ ಮುಂಚೆ, ಕೊಂಡಿದ್ದ ಡಿಎಸ್ಎಲ್ಆರ್ ಅದು. ಹೊಸದಾಗಿ ಕಲಿಯುವವರಿಗೆಂದು ಕಂಪನಿಯವರು ಮಾಡಿದ ಅಗ್ಗದ ಮಾದರಿ. ಈ ಸಂಗತಿಯನ್ನು ಶಾಂತಮೂರ್ತಿ ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ. ಅದರ ಹೊಟ್ಟೆಯೊಳಗೊಂದು ಪುಟ್ಟ ಕನ್ನಡಿ. ಗುಂಡಿ ಒತ್ತಿದಾಗಲೆಲ್ಲ ಆ ಕನ್ನಡಿ ಮೇಲಕ್ಕೆದ್ದು ಬಿದ್ದು 'ಠಪ್' ಎನ್ನುತ್ತಿತ್ತು. ಮೂರು ವರ್ಷದಿಂದ ಬೆಳಕು ಕಾಣದೆ ಹಿಡಿಯ ರಬ್ಬರು ಎದ್ದುಬಂದಿತ್ತು. ಲೆನ್ಸಿನ ಅಂಚಿನಲ್ಲಿ ಬೂಜು ಬೆಳೆದು ಸುವರ್ಣಾವತಿ ಹೊಳೆಯ ನಕ್ಷೆಯಂತೆ ಕವಲೊಡೆದಿತ್ತು.

"ಇದೇನ್ ಬಾವ, ಒಳಗ ಬೇಸಾಯ ಮಾಡ್ಸಿದ್ದೀರಾ?"

"ಅದು ಅಂಚಲ್ಲಿರದು ಕಣ್ಲಾ, ಫೋಟೊದಲ್ಲಿ ಬರಕಿಲ್ಲ. ಬ್ಯಾಟರಿ ನೋಡು ಬ್ಯಾಟರಿಯ! ರಾತ್ರಿನೇ ಚಾರ್ಜ್ ಮಾಡಿವ್ನಿ. ಒಂದ್ಸಲ ತುಂಬುದ್ರ ಈ ಹಬ್ಬದಿಂದ ಮುಂದಿನ್ ಹಬ್ಬದಗಂಟ ಬತ್ತದ. ನಿಂದು?"

ರುದ್ರಸ್ವಾಮಿ ಕಾಫಿಯ ಲೋಟ ಎತ್ತಿಕೊಂಡ.

ಇಬ್ಬರ ವಾದವನ್ನು ಕೇಳಿಸಿಕೊಂಡ ದೊಡ್ಡಬಸಮ್ಮನವರು ಬಹಳ ಯೋಚಿಸಿ ಒಂದು ಮಾತು ಕೇಳಿದರು. "ಅಲ್ಲ ಕನಾ ರುದ್ರ, ನಮ್ ಮನ ಫೋಟೊಗ ಕನ್ನಡಿ ಬೇಕೇಬೇಕು. ಕನ್ನಡಿನೇ ಇಲ್ದಿರ ಕ್ಯಾಮರಾದಲ್ಲಿ ಕನ್ನಡಿ ಫೋಟೊ ಎಂಗ್ ಬತ್ತದಪ್ಪಾ?"

ಈ ಕನ್ನಡಿಗೂ ಆ ಕನ್ನಡಿಗೂ ಸಂಬಂಧವಿಲ್ಲವೆಂಬುದು ಬಿ.ಎಸ್ಸಿ. ಓದಿದ ಶಾಂತಮೂರ್ತಿಗೆ ತಿಳಿಯದ ವಿಷಯವೇನಲ್ಲ. ಆದರೂ ಗಂಭೀರವಾಗಿ ತಲೆಯಾಡಿಸಿ, "ಅವ್ವ ಯೋಳದ್ರಲ್ಲೂ ನ್ಯಾಯ ಅದ ಕಣ್ಲಾ," ಎಂದ. ಪ್ರತಿಜ್ಞೆ ಮಾಡಿದವನಿಗೆ ವಿಜ್ಞಾನದ ಹಂಗೇಕೆ!

ಕೊನೆಗೆ ಸೌಮ್ಯ ತೀರ್ಪು ಕೊಟ್ಟಳು. "ಅವ್ನು ನೆಂಟ, ಮೊದ್ಲು ಅವ್ನು ತಗೀಲಿ. ಆಮೇಕ ನೀವು. ಯಾವ್ದು ಚೆನ್ನಾಗ್ ಬತ್ತದೋ ಅದು ಗೋಡಗ."

ಮಧ್ಯಾಹ್ನ ಎರಡಕ್ಕೆ ಹೂ ಕಟ್ಟುವ ರಾಚಮ್ಮ ಮೊಗ್ಗಿನ ಬುಟ್ಟಿಯೊಂದಿಗೆ ಬಂದಳು. ಮಹದೇವುವಿನ ಬಾಯಿಗೆ ಕಡಲೆಮಿಠಾಯಿ ಕೊಟ್ಟು, ತಲೆಯನ್ನು ಎರಡು ಮೊಣಕಾಲಿನ ನಡುವೆ ಹಿಡಿದು, ಬಾಳೆಪಟ್ಟೆಯ ಮೇಲೆ ಒಂದೊಂದೇ ಮೊಗ್ಗು ಹೊಲಿದು ಜಡೆಗೆ ಬಿಗಿದಳು. ಒಂದೂವರೆ ಗಂಟೆಯ ಕೆಲಸ. ಅಷ್ಟನ್ನೂ ರುದ್ರಸ್ವಾಮಿ ವಿಡಿಯೊ ಮಾಡಿಕೊಂಡ. ಮುಗಿದ ಮೇಲೆ ನೋಡಿದರೆ ಆಹಾ, ಕೂಸು ಸಾಕ್ಷಾತ್ ಮದುವಣಗಿತ್ತಿ!

"ಐದೂವರ್ಗಂಟ ಮಾತ್ರ ಕನವ್ವ," ಎಂದು ರಾಚಮ್ಮ ಎಚ್ಚರಿಸಿದಳು. "ಆಮೇಕ ಮೊಗ್ಗೆಲ್ಲ ಬಾಯ್ ಬುಟ್ಕತವ. ಮೊಗ್ಗಿನ್ ಜಡ ಓಗಿ ಹೂವಿನ್ ಜಡ ಆಯ್ತದ. ನನ್ನ ಅನ್ಬ್ಯಾಡಿ."

ಬಾವ ಮೈದುನರಿಬ್ಬರೂ ಸೇರಿ ದೊಡ್ಡಬಸಮ್ಮನವರ ಮದುವೆಯ ಕಾಲದ ಕನ್ನಡಿ ಬೀರುವನ್ನು ಪಡಸಾಲೆಯ ಕಿಟಕಿಯ ಬೆಳಕಿಗೆ ಎಳೆದು ತಂದರು. ಅದರ ಮುಂದೆ ಮಣೆ, ಮಣೆಯ ಮೇಲೆ ಕೂಸು. ರುದ್ರಸ್ವಾಮಿ ಕ್ಯಾಮರಾ ಹಿಡಿದ. ಕೂಸು ತಲೆ ತಗ್ಗಿಸಿ ಮಿಠಾಯಿ ನೋಡುತ್ತಿತ್ತು. ಮುಂದೆ ಕಣ್ಣು ಸಿಗದ ಹಸಿರು ಚೌಕ ಟಣ್ಣನೆ ಕನ್ನಡಿಯೊಳಕ್ಕೆ ನೆಗೆದು, ರುದ್ರಸ್ವಾಮಿಯ ಹಿಂದೆ ನಿಂತಿದ್ದ ದೊಡ್ಡಬಸಮ್ಮನವರ ಕಣ್ಣು ಹಿಡಿಯಿತು! ಅವರನ್ನು ಸರಿಸಿದರೆ ರಾಚಮ್ಮ. ರಾಚಮ್ಮನನ್ನು ಸರಿಸಿದರೆ ಶಾಂತಮೂರ್ತಿ. ಅವನು ಎತ್ತ ಸರಿದರೂ ಕನ್ನಡಿಗೆ ಬೀಳುವಂತೆಯೇ ಸರಿಯುತ್ತಿದ್ದ. ಅದರಲ್ಲಿ ತಪ್ಪೇನು? ಅವನ ಮನೆಯಲ್ಲವೇ!

ಸದ್ದಿಲ್ಲದ ಕ್ಯಾಮರಾ ಬೇರೆ. ಕೂಸಿಗೆ ಅದು ಕೆಲಸ ಮಾಡುತ್ತಿದೆಯೆಂಬ ನಂಬಿಕೆಯೇ ಹುಟ್ಟಲಿಲ್ಲ.

"ಆಯ್ತಾ ಮಾಮ?"

"ತಗೀತಾವ್ನಿ ಕನಪ್ಪ, ಇಲ್ಲಿ ನೋಡು."

"ಸದ್ದೇ ಬರ್ನಿಲ್ಲ! ಅಪ್ಪಾ, ಮಾಮನ್ ಕ್ಯಾಮರಾ ಕೆಟ್ಟೋಗದ!"

ಶಾಂತಮೂರ್ತಿಗೆ ಮಗನ ಬುದ್ಧಿಯ ಬಗ್ಗೆ ಅಂದಿನಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ನಲವತ್ತು ಫೋಟೊ ತೆಗೆದು ನೋಡಿದರೆ ನಲವತ್ತರಲ್ಲೂ ಹಿರಿಯರ ಸುಕ್ಕುಗಳು ಎಣಿಸುವಷ್ಟು ಸ್ಪಷ್ಟ. ಕೂಸು ಮಾತ್ರ ಮಂಜು. ರುದ್ರಸ್ವಾಮಿ ಸೋಲುವವನಲ್ಲ. ಎಲ್ಲರನ್ನೂ ಹೊರಗಟ್ಟಿ, ಕ್ಯಾಮರಾದಲ್ಲಿ ಏನೇನೋ ತಿರುಗಿಸಿ, "ಈಗ ನೋಡಿ ಬಾವ!" ಎಂದು ಗುಂಡಿಯ ಮೇಲೆ ಬೆರಳಿಟ್ಟ. ಪರದೆ ಕಪ್ಪಾಯಿತು. ಬೆಳಗಿನಿಂದ ಹಕ್ಕಿಗಳೂ ಮಧ್ಯಾಹ್ನದಿಂದ ಜಡೆಯ ವಿಡಿಯೊವೂ ಸೇರಿ ಬ್ಯಾಟರಿಯನ್ನು ಹೀರಿ ಬಿಸಾಡಿದ್ದವು. ಇನ್ನೊಂದು ಬ್ಯಾಟರಿ ಕೊಳ್ಳೇಗಾಲದಲ್ಲಿತ್ತು. ಚಾರ್ಜಿಗೆ ಹಾಕೋಣವೆಂದು ಸ್ವಿಚ್ಚು ಒತ್ತಿದ; ಕರೆಂಟು ಹೋಯಿತು.

ಗಂಟೆ ನಾಲ್ಕೂಮುಕ್ಕಾಲು. ಮನೆಮಂದಿಯೆಲ್ಲ ಶಾಂತಮೂರ್ತಿಯತ್ತ ತಿರುಗಿದರು. ಹನ್ನೊಂದು ವರ್ಷದಿಂದ ಅವನು ಕಾಯುತ್ತಿದ್ದ ಗಳಿಗೆ ಅದು! ದಂಡಯಾತ್ರೆಗೆ ಹೊರಟ ಅರಸನಂತೆ ಕ್ಯಾಮರಾದ ಪಟ್ಟಿಯನ್ನು ಕೊರಳಿಗೇರಿಸಿದ.

ಮೊದಲನೆಯ ಏಟು. ಗುಂಡಿ ಒತ್ತಿದೊಡನೆ ಫ್ಲಾಶ್ ತಾನೇ ಹೆಡೆಯೆತ್ತಿ ಛಟ್ಟೆಂದು ಮಿಂಚಿತು. ಕನ್ನಡಿಯಲ್ಲಿ ಜಡೆಯಿರಲಿ, ಕನ್ನಡಿಯೇ ಇಲ್ಲ, ನಡುಮಧ್ಯಾಹ್ನದ ಸೂರ್ಯನಿದ್ದ. ಅಂಗಡಿಯಿಂದ ಗಮ್ ಟೇಪು ತರಿಸಿ ಫ್ಲಾಶಿನ ತಲೆಯನ್ನು ಒತ್ತಿ ಅಂಟಿಸಿದ.

ಎರಡನೆಯದು. ಠಪ್! ಮುಖ ಬಂತು, ಜಡೆ ಬಂತು. ಜೊತೆಗೆ ಕನ್ನಡಿಯ ತುಂಬ ಬನಿಯನ್ನು ತೊಟ್ಟ ಶಾಂತಮೂರ್ತಿಯೂ ಬಂದ.

"ರೀ, ಕೂಸಿನ್ ಜಡಗಿಂತ ನಿಮ್ ಹೊಟ್ಟನೇ ಚೆನ್ನಾಗ್ ಬಂದದ," ಎಂದಳು ಸೌಮ್ಯ.

ಮೂರನೆಯದಕ್ಕೆ ಓರೆಯಾಗಿ ನಿಂತ. ಈಗ ಹೊಟ್ಟೆ ಹೋಯಿತು, ಜಡೆಯೂ ಹೋಯಿತು. ಗೋಡೆಯ ಕ್ಯಾಲೆಂಡರು ಬಂತು.

"ಎರಡ್ ಮೊಗ್ಗು ಅರಳ್ದೊ!" ಎಂದು ರಾಚಮ್ಮ ಕೂಗಿದಳು.

"ಬಾವ, ಬಿಟ್ಬುಡಿ. ಓಡೋಗಿ ಕೊಳ್ಳೇಗಾಲದ ಸ್ಟುಡಿಯೊದವ್ರನ್ನೇ ಕರ್ಕಬತ್ತೀನಿ," ಎಂದ ರುದ್ರಸ್ವಾಮಿ.

"ನೀ ಬರೂದ್ರೊಳಗ ಪೂರ್ತಿ ಅರಳ್ಕತದ. ಸುಮ್ಕ ನಿಂತ್ಕಳ್ಲಾ, ನಾನೇ ತಗೀತೀನಿ!"

ಸ್ಟುಡಿಯೊ ಎಂದೊಡನೆ ಶಾಂತಮೂರ್ತಿಗೆ ಮಿಂಚು ಹೊಳೆದಂತಾಯಿತು. ಅಜ್ಜನ ಕಾಲದ ಫೋಟೊದವರು ತಲೆಯ ಮೇಲೆ ಕರಿಯ ಬಟ್ಟೆ ಹೊದೆದುಕೊಂಡು ಫೋಟೊ ತೆಗೆಯುತ್ತಿದ್ದರೆಂದು ಅಪ್ಪ ಹೇಳಿದ್ದುಂಟು. ತನ್ನ ಬೆನ್ನ ಹಿಂದೆ ಒಳಕೋಣೆಯ ಕತ್ತಲೆ, ಕರೆಂಟೂ ಇಲ್ಲ. ಕತ್ತಲೆಯಲ್ಲಿ ಕಪ್ಪಾದರೆ ಕನ್ನಡಿಯಲ್ಲಿ ಯಾರಿಗೆ ಕಾಣುತ್ತೇನೆ? ಕರಿಯ ಬಟ್ಟೆಯೇನೋ ಸಿಗಲಿಲ್ಲ. ಹೊಲದ ಕಾವಲಿಗೆ ಒಯ್ಯುವ ಕರಿಕಂಬಳಿ ಗೂಟದಲ್ಲಿ ನೇತಾಡುತ್ತಿತ್ತು. ಮೈತುಂಬ ಕೂದಲೆದ್ದ, ಭಾರವಾದ, ಹಳೆಯ ಕಂಬಳಿ. ಕೋಣೆಯ ಬಾಗಿಲಲ್ಲಿ ನಿಂತು ಅದನ್ನು ತಲೆಯಿಂದ ಮೊಣಕಾಲಿನವರೆಗೆ ಹೊದೆದು, ಲೆನ್ಸನ್ನು ಮಾತ್ರ ಹೊರಕ್ಕೆ ಚಾಚಿದ. ಉಸಿರು ಕಟ್ಟಿತು, ಮೂಗು ತುರಿಸಿತು. ಆದರೂ ಛಲ ಬಿಡಲಿಲ್ಲ. ಒಳಗಿನಿಂದಲೇ, "ಮಗಾ, ಇಲ್ಲಿ ನೋಡೂ..." ಎಂದು ಗೊಗ್ಗರುದನಿಯಲ್ಲಿ ಕರೆಯುತ್ತ ಒಂದೊಂದೇ ಹೆಜ್ಜೆ ಮುಂದಿಟ್ಟ.

ಮಹದೇವು ಮಿಠಾಯಿಯಿಂದ ತಲೆಯೆತ್ತಿದ. ಕತ್ತಲೆ ಬಾಗಿಲಿನಿಂದ ಒಂದೇ ಕಣ್ಣಿನ, ಮೈತುಂಬ ಕೂದಲಿನ, ಎರಡು ಕಾಲಿನ ಏನೋ ಒಂದು ತೂಗಾಡುತ್ತ ತನ್ನತ್ತಲೇ ಬರುತ್ತಿದೆ!

"ಗುಮ್ಮಾ!" ಎಂದು ಕಿರುಚಿ ಮಣೆಯ ಮೇಲೆ ಗಿರ್ರನೆ ಹಿಂದಕ್ಕೆ ತಿರುಗಿದ. ತಿರುಗಿದರೆ ಕನ್ನಡಿಯೊಳಗೂ ಇನ್ನೊಂದು! ಅದೇ ಕ್ಷಣಕ್ಕೆ ಕಂಬಳಿಯೊಳಗೆ 'ಠಪ್' ಎಂದಿತು.

ಮುಂದಿನದೆಲ್ಲ ಮೂರು ನಿಮಿಷದ ಕೆಲಸ. ಕೂಸು ಅಪ್ಪನ ಕಾಲ ಸಂದಿಯಲ್ಲೇ ನುಸುಳಿ, ಒಳಕೋಣೆ ದಾಟಿ, ಹಿತ್ತಿಲಿಗೆ ಓಡಿತು. ಹಿಂದೆ ಸೌಮ್ಯ, ಅವಳ ಹಿಂದೆ ರುದ್ರಸ್ವಾಮಿ, ಅವನ ಹಿಂದೆ ಕಂಬಳಿಯನ್ನೇ ತೆಗೆಯದೆ ಶಾಂತಮೂರ್ತಿ. ಅವನನ್ನು ಕಂಡಷ್ಟೂ ಕೂಸಿನ ಓಟ ಹೆಚ್ಚಾಯಿತು. ಕೊಟ್ಟಿಗೆಯ ಬಾಗಿಲ ಚಿಲಕಕ್ಕೆ ಜಡೆ ಸಿಕ್ಕಿ ಕಳಚಿ ಬಿತ್ತು. ಅಲ್ಲಿದ್ದ ಕರುವಿಗೆ ಇಷ್ಟು ಪರಿಮಳದ ಮೇವು ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೂಸನ್ನು ಹಿಡಿದು ತರುವಷ್ಟರಲ್ಲಿ ಕರುವಿನ ಬಾಯಲ್ಲಿ ಬಾಳೆಪಟ್ಟೆಯ ತುದಿಯೊಂದು ಮಾತ್ರ ಉಳಿದಿತ್ತು.

ಪಡಸಾಲೆಯಲ್ಲಿ ದೊಡ್ಡಬಸಮ್ಮನವರು ಗೋಡೆಯನ್ನೇ ನೋಡುತ್ತ ಕುಳಿತರು. ಆಮೇಲೆ ಮೆಲ್ಲಗೆ, "ಮೂರ್ ತಲಮಾರಿಂದ ಬಂದ ಸಾಲು ಕನ ಸಾಂತಾ. ನಿನ್ ಕೈಲಿ ನಿಂತೋಯ್ತಲ್ಲಪ್ಪ," ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮೆಲುದನಿಗೆ ಶಾಂತಮೂರ್ತಿಯ ಛಲವೆಲ್ಲ ಇಳಿದುಹೋಯಿತು. ಪ್ರತಿಜ್ಞೆ ಮಾಡುವ ಬದಲು ಮಗನನ್ನು ಒಂದು ಬಸ್ಸು ಹತ್ತಿಸಿ ಕೊಳ್ಳೇಗಾಲಕ್ಕೆ ಕರೆದೊಯ್ದಿದ್ದರೆ ಆಗುತ್ತಿತ್ತು. ಕಂಬಳಿಯನ್ನು ಕೆಳಗೆ ಹಾಕಿ, ಕ್ಯಾಮರಾವನ್ನು ಮೈದುನನ ಕೈಗೆ ಕೊಟ್ಟು, "ತಗಂಡೋಗ್ಲಾ. ನನ್ನ ಕಣ್ಣಿಗ್ ಬೀಳ್ಬಾರ್ದು ಇದು," ಎಂದ.

ರುದ್ರಸ್ವಾಮಿ ಸುಮ್ಮನೆ ಅದರ ಹಿಂದಿನ ಪುಟ್ಟ ಪರದೆಯನ್ನು ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ಅದನ್ನು ಎಲ್ಲರತ್ತ ಚಾಚಿದ.

"ಬಾವ! ಬಂದದ!"

ಎಲ್ಲರೂ ಮುಗಿಬಿದ್ದರು. ಕೂಸು ತಿರುಗಿದ್ದರಿಂದ ಜಡೆ ಮುಂದಕ್ಕೆ ಬಂದಿತ್ತು, ಮುಖ ಕನ್ನಡಿಗೆ ಹೋಗಿತ್ತು. ನೆತ್ತಿಯಿಂದ ತುದಿಯವರೆಗೆ ಮೊಗ್ಗು ಮೊಗ್ಗೂ ಎಣಿಸುವಂತಿತ್ತು. ಕನ್ನಡಿಯಲ್ಲಿ ಕೂಸಿನ ಮುಖವೂ ಪೂರ್ತಿ. ಬಾಯಿ ಅಷ್ಟಗಲ ತೆರೆದಿದ್ದರಿಂದ ಹಲ್ಲುಗಳೂ ಪೂರ್ತಿ. ಮುಖ, ಜಡೆ, ಎರಡೂ ಒಂದೇ ಚಿತ್ರದಲ್ಲಿ!

"ಒಪ್ದಿ ಬಾವ. ನೀವೇ ಗೆದ್ರಿ," ಎಂದ ರುದ್ರಸ್ವಾಮಿ ಮನಸಾರೆ.

ಕೊರತೆ ಒಂದೇ. ಕನ್ನಡಿಯಲ್ಲಿ ಕೂಸಿನ ತಲೆಗೆ ಒತ್ತಿಕೊಂಡಂತೆ ಕಂಬಳಿ ಹೊದ್ದ ಆ ಕರಿಯ ಆಕಾರ ನಿಂತಿತ್ತು. ಕಂಪ್ಯೂಟರಿನಲ್ಲಿ ಅದನ್ನು ಕತ್ತರಿಸೋಣವೆಂದು ರುದ್ರಸ್ವಾಮಿ ಎರಡು ದಿನ ಒದ್ದಾಡಿದ. ಅದನ್ನು ತೆಗೆದರೆ ಕೂಸಿನ ಒಂದು ಕಿವಿಯೂ ಅರ್ಧ ಹಣೆಯೂ ಹೋಗುತ್ತಿದ್ದವು. ದೊಡ್ಡಬಸಮ್ಮನವರೇ, "ಕೂಸಿನ್ ಕಿವಿ ಮುಟ್ಬ್ಯಾಡ. ಅವ್ನೂ ಇರ್ಲಿ ಬುಡು," ಎಂದು ಕಟ್ಟು ಹಾಕಿಸಿ ಗೋಡೆಗೇರಿಸಿದರು. ಅಂದಿನಿಂದ ಶಾಂತಮೂರ್ತಿ ಮನೆಗೆ ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, "ಹನ್ನೊಂದ್ ವರ್ಸದ್ ಹಳೇ ಕ್ಯಾಮರಾ! ಹೊಸ ಮಿರರ್‌ಲೆಸ್ಸ ಸೋಲಿಸ್ಬುಡ್ತು!" ಎಂದು ಬೀಗತೊಡಗಿದ.

ಒಂದು ದಿನ ರಾಮಾಪುರದ ದೊಡ್ಡಸಿದ್ದಯ್ಯ ಬಿತ್ತನೆ ರಾಗಿಗೆಂದು ಬಂದವನು ನೀರು ಕುಡಿಯಲು ಮನೆಯೊಳಕ್ಕೆ ಬಂದ. ಮೂವತ್ತು ವರ್ಷ ಅರಣ್ಯ ಇಲಾಖೆಯ ವಾಚರಾಗಿ ಕಾಡು ಕಾದಿದ್ದ ಮನುಷ್ಯ. ಶಾಂತಮೂರ್ತಿ ಅವನನ್ನೂ ಫೋಟೊದ ಮುಂದೆ ನಿಲ್ಲಿಸಿದ. ದೊಡ್ಡಸಿದ್ದಯ್ಯ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಅಯ್ಯೋ ಸಿವನೇ! ಈಟ್ ಅತ್ರುಕ್ಕ ಕರಡಿ ಬಂದ್ರ ದೊಡ್ಡೋರೇ ಉಳ್ಯಕಿಲ್ಲ. ಕೂಸ್ಗ ಏನೂ ಆಗ್ನಿಲ್ವ ಅವ್ವಾ?"

"ಅದು ಕರಡಿ ಅಲ್ಲ ಕನಪ್ಪ," ಎಂದರು ದೊಡ್ಡಬಸಮ್ಮನವರು ಶಾಂತವಾಗಿ. "ನನ್ ಮಗ."

ದೊಡ್ಡಸಿದ್ದಯ್ಯ ಒಮ್ಮೆ ಫೋಟೊ ನೋಡಿದ, ಒಮ್ಮೆ ಶಾಂತಮೂರ್ತಿಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದ.

"ಫೋಟೊ ತಗ್ದೋರು ಯಾರು?"

"ಅವನೇಯ."

ದೊಡ್ಡಸಿದ್ದಯ್ಯ ನೀರು ಕುಡಿದು, ಚೊಂಬು ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಶಾಂತಮೂರ್ತಿಯ ಭುಜ ತಟ್ಟಿದ.

"ಅಂಗಾದ್ರ ಬುಡಿ ಸಾ. ಕರಡಿ ತಗ್ದಿರ ಫೋಟೊ ಅಂದ್ಮೇಲ, ಚೆನ್ನಾಗೇ ಬಂದದ!"