ವೈಜಿನಾಥ ಇಂಜಿನ್ನಿಗೆ ಗಾಳಿ ತುಂಬಿಸಿದ್ದು

ಕೊಹೀರಿನ ಏರಿನಲ್ಲಿ ಕಾಶಿರಾಮನ ಜೀಪು ತನ್ನ ಟ್ಯಾಕ್ಸಿಯನ್ನು ಹಿಂದೆ ಹಾಕಿದ್ದಕ್ಕೆ ವೈಜಿನಾಥನಿಗೆ ಅಷ್ಟೊಂದು ಸಿಟ್ಟು ಬಂದಿರಲಿಲ್ಲ. ಹಿಂದೆ ಹಾಕಿದವನು ಜೀಪು ನಿಲ್ಲಿಸಿ, ಕೆಳಗಿಳಿದು ಬಂದು, ನಾಲ್ಕು ಮಂದಿ ಪ್ಯಾಸೆಂಜರುಗಳ ಎದುರಿಗೆ, "ಎಳ್ಯಾಕ ಹಗ್ಗ ಬೇಕೇನೋ?" ಎಂದು ಕೇಳಿದನಲ್ಲ, ಅದಕ್ಕೆ ಬಂತು. ಮರುದಿನ ಜಹೀರಾಬಾದಿನ ಟ್ಯಾಕ್ಸಿ ಅಡ್ಡೆಯಲ್ಲಿ ಚಹಾದವನೂ ಅದನ್ನೇ ಕೇಳಿದ.

ವೈಜಿನಾಥ ಅರ್ಧ ಚಹಾ ಅಲ್ಲೇ ಬಿಟ್ಟು ಸೀದಾ ಮೇಸ್ತ್ರಿ ಆತ್ಮಾರಾಮನ ಶೆಡ್ಡಿಗೆ ಹೋದ. ತಾಂಡೂರಿನ ಕಲ್ಲುಗಣಿಯಲ್ಲಿ ಕೆಟ್ಟು ಬಿದ್ದಿದ್ದ ಫಾರಿನ್ ಯಂತ್ರದಿಂದ ಬಿಚ್ಚಿ ತಂದ ಟರ್ಬೊ ಒಂದು ಅಲ್ಲಿತ್ತು. ನೋಡಲು ದೊಡ್ಡ ಶಂಖದ ಹಾಗೆ. ಇಂಜಿನ್ನಿನ ಹೊಗೆ ಹೊರಗೆ ಹೋಗುವ ರಭಸಕ್ಕೆ ಅದು ತಿರುಗುತ್ತದೆ, ತಿರುಗುತ್ತ ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುತ್ತದೆ, ಆಗ ಗಾಡಿಗೆ ದುಪ್ಪಟ್ಟು ಜೋರು ಬರುತ್ತದೆ ಎಂದು ಆತ್ಮಾರಾಮ ಹೇಳಿದ. ಆದರೆ ಅದು ಆನೆಯಂಥ ಇಂಜಿನ್ನಿಗೆ ಮಾಡಿದ ಸಾಮಾನು. ವೈಜಿನಾಥನ ಡೀಸೆಲ್ ಕಾರಿನದು ಆಡಿನಂಥ ಇಂಜಿನ್ನು. ಕೂಡಿಸುವುದಕ್ಕೆ ಎಂಟು ದಿನ ಹಿಡಿಯಿತು. ಡೀಸೆಲ್ ಹೆಚ್ಚು ಬಿಡುವಂತೆ ಪಂಪು ತಿರುವಿದರು. ಜಾಗ ಸಾಲದೆ ಸೈಲೆನ್ಸರನ್ನೇ ಕಿತ್ತು ಹಾಕಿದರು.

"ಮೊದಲ ಸುಸ್ತ ಇರ್ತದ, ತಡೀಬೇಕು. ಒಮ್ಮಿ ಟರ್ಬೊ ತಿರಗಿತಂದ್ರ ಹಿಡ್ಯಾಕ ಆಗಂಗಿಲ್ಲ ನೋಡು," ಎಂದ ಆತ್ಮಾರಾಮ.

"ನನಗ ಹಿಡ್ಯೋದು ಬೇಕಾಗಿಲ್ಲ," ಎಂದ ವೈಜಿನಾಥ.

ಮೊದಲ ಬಾಡಿಗೆಯೇ ದೊಡ್ಡದು. ತೊಗರಿ ವ್ಯಾಪಾರಿ ಈಶಪ್ಪ ಸಾವ್ಕಾರರು ಮಗಳ ಸಂಬಂಧ ಮಾತಾಡಲು ವಾಡಿಗೆ ಹೊರಟಿದ್ದರು. ಮೂರು ಗಂಟೆಗೆ ತಾಂಡೂರಿನಲ್ಲಿ ರೈಲು. ಯಾವಾಗಲೂ ಕಾಶಿರಾಮನ ಜೀಪಿನಲ್ಲೇ ಓಡಾಡುವ ಸಾವ್ಕಾರರು, ಇವತ್ತು ಹೊತ್ತಿಗೆ ಸರಿಯಾಗಿ ಮುಟ್ಟಿಸಿದರೆ ಇನ್ನು ಮುಂದೆ ನಿನ್ನದೇ ಗಾಡಿ ಎಂದು ವೈಜಿನಾಥನಿಗೆ ಮಾತು ಕೊಟ್ಟಿದ್ದರು.

ವೈಜಿನಾಥ ತನ್ನ ಮನೆಯ ಮುಂದೆ ಕಾರು ಚಾಲೂ ಮಾಡಿದ್ದೇ ತಡ, ಒಲೆಯ ಮಸಿಯಂಥ ಹೊಗೆ ಎದ್ದು ಪಕ್ಕದ ಮನೆಯ ಮೋನಮ್ಮ ಒಣಹಾಕಿದ್ದ ಸೀರೆಗಳ ಮೇಲೆ ಕೂತಿತು. ಮೋನಮ್ಮ ಇವನ ಮೂರು ತಲೆಮಾರನ್ನು ಬೀದಿಗೆಳೆದಳು. ಗದ್ದಲಕ್ಕೆ ಓಣಿಯವರೆಲ್ಲ ಸೇರಿದರು. ಒಬ್ಬ ಬಾನೆಟ್ ತೆಗೆಯಲು ಹೇಳಿದ, ಇನ್ನೊಬ್ಬ ಮುಚ್ಚಲು ಹೇಳಿದ. ಸೈಕಲ್ ಕೂಡ ಹೊಡೆಯಲು ಬಾರದ ಮೂರನೆಯವನು ಡೀಸೆಲ್ಲಿನಲ್ಲೇ ದೋಷವಿದೆ ಅಂದ. ಎಲ್ಲರನ್ನೂ ಬೈದು ಹೊರಡುವಷ್ಟರಲ್ಲಿ ಅರ್ಧ ಗಂಟೆ ಹೋಗಿತ್ತು.

ಸಾವ್ಕಾರರನ್ನು ಹತ್ತಿಸಿಕೊಂಡ ಮೇಲೆ ದಾರಿಯಲ್ಲಿ ಕಾರು ಬಾಣಂತಿಯಂತೆ ನಡೆಯಿತು. ಎತ್ತಿನ ಗಾಡಿಯವನೊಬ್ಬ ಬಹಳ ಹೊತ್ತು ಜೊತೆಯಲ್ಲೇ ಬಂದ. ಸಾವ್ಕಾರರು ಗಡಿಯಾರ ನೋಡಿದರು, ಕೆಮ್ಮಿದರು, ಮತ್ತೆ ಗಡಿಯಾರ ನೋಡಿದರು. ಕೊಹೀರು ದಾಟಿ, ಏರು ಹತ್ತಿ, ಇಳಿಜಾರು ಶುರುವಾಗುವಲ್ಲಿ ಇಂಜಿನ್ನು ಕೆಮ್ಮಿ ನಿಂತೇಬಿಟ್ಟಿತು. ಎಷ್ಟು ಸಲ ಚಾವಿ ತಿರುವಿದರೂ ಏಳಲಿಲ್ಲ. ರೈಲಿನ ಚಿಂತೆಯಲ್ಲಿ ಸಾವ್ಕಾರರೇ ಧೋತರ ಮೇಲೆ ಕಟ್ಟಿ, ಚೀಲ ಸೀಟಿನ ಮೇಲಿಟ್ಟು, ಹಿಂದಿನಿಂದ ತಳ್ಳಲು ನಿಂತರು.

ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ಕಾಶಿರಾಮನ ಜೀಪು. ವೈಜಿನಾಥನ ಕಿವಿ ಕೆಂಪಾದವು. ಅದೇ ಗಳಿಗೆಗೆ ಕಾರು ಉರುಳಿ, ಇಂಜಿನ್ನು ಚಾಲೂ ಆಯಿತು. ಮೊದಲು ಗೊಣಗಿತು, ಆಮೇಲೆ ನರಳಿತು. ಆಮೇಲೆ ಟರ್ಬೊ ಸಿಳ್ಳು ಹಾಕಿ ತಿರುಗಿತು, ಕಾರು ಬಾಲಕ್ಕೆ ಬೆಂಕಿ ಬಿದ್ದ ಹೋರಿಯಂತೆ ಹಾರಿತು. ಹಿಂದಿನ ಬಾಗಿಲು ಧಡ್ ಅಂತ ಮುಚ್ಚಿಕೊಂಡಿತು. ವೈಜಿನಾಥ ಕಾಲು ಪೂರ್ತಿ ಒತ್ತಿದ.

ಜೀಪು ಬಿಡಲಿಲ್ಲ. ಹಗಲು ಹೊತ್ತಿನಲ್ಲೇ ದೀಪ ಹಾಕಿತು, ಹಾರ್ನ್ ಬಾರಿಸಿತು. ಕಾಶಿರಾಮ ಕೈ ಹೊರಗೆ ಹಾಕಿ ಬೀಸುತ್ತಿದ್ದ. ದಾರಿ ಕೇಳುತ್ತಾನೆ, ಕೊಡುವುದಿಲ್ಲ ಎಂದು ವೈಜಿನಾಥ ಹಲ್ಲು ಕಚ್ಚಿದ. ಅದುರಾಟಕ್ಕೆ ಕನ್ನಡಿ ಕಳಚಿ ಕಾಲಬುಡಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ.

"ನೋಡಾಕತ್ತೀರೇನ್ರಿ ಸಾವ್ಕಾರ್ರ? ಎಂಟು ದಿನದ ಹಿಂದ ನನಗ ಹಗ್ಗ ಕೊಡಾಕ ಬಂದಿದ್ದ ಮಗಾ ಇಂವ. ಈಗ ಭಿಕ್ಷಾ ಬೇಡಾಕತ್ಯಾನ!"

ಸಾವ್ಕಾರರು ಮಾತಾಡಲಿಲ್ಲ. ಹೆದರಿದ್ದಾರೆ ಅಂದುಕೊಂಡ. ಹೆದರಲಿ, ಜೋರು ಅಂದರೆ ಏನೆಂದು ಗೊತ್ತಾಗಲಿ. ತಾಂಡೂರಿನವರೆಗೂ ಕಾಶಿರಾಮನ ವಂಶವನ್ನು ಬೈಯುತ್ತಲೇ ಹೋದ. ಎದುರಿಗೆ ಬಂದ ಬಸ್ಸಿಗೂ ದಾರಿ ಬಿಡಲಿಲ್ಲ. ಜೀಪು ಮೆಲ್ಲಗೆ ಚುಕ್ಕೆಯಾಯಿತು, ಆಮೇಲೆ ಅದೂ ಕಾಣಲಿಲ್ಲ.

ಮೂರಕ್ಕೆ ಇಪ್ಪತ್ತು ನಿಮಿಷ ಇರುವಾಗ ಕಾರು ಸ್ಟೇಷನ್ನಿನ ಮುಂದೆ ನಿಂತಿತು. ವೈಜಿನಾಥ ಎದೆ ಉಬ್ಬಿಸಿ ಇಳಿದು, ಮದುಮಗನನ್ನು ಇಳಿಸಿಕೊಳ್ಳುವವನಂತೆ ಹಿಂದಿನ ಬಾಗಿಲು ತೆಗೆದ.

ಸೀಟಿನ ಮೇಲೆ ಚೀಲ ಕೂತಿತ್ತು.

ಅವನು ಸೀಟಿನ ಕೆಳಗೆ ಬಗ್ಗಿ ನೋಡಿದ. ಡಿಕ್ಕಿ ತೆಗೆದು ನೋಡಿದ. ಚೀಲ ಎತ್ತಿಕೊಂಡು ಅಲ್ಲೇ ಕುಕ್ಕರಿಸಿದ. ಕಾಲು ಗಂಟೆಯ ನಂತರ ಜೀಪು ಬಂತು. ಕಾಶಿರಾಮನ ಪಕ್ಕದಿಂದ ಈಶಪ್ಪ ಸಾವ್ಕಾರರು ಇಳಿದರು. ಟರ್ಬೊ ತಿರುಗಿದಾಗ ಬಂದ ಮೊದಲ ಹೊಗೆಯಷ್ಟನ್ನೂ ಅವರೇ ತೆಗೆದುಕೊಂಡಿದ್ದರು. ಕಣ್ಣು ಎರಡು ಮಾತ್ರ ಬೆಳ್ಳಗಿದ್ದವು.

"ಎಷ್ಟು ಹಾರ್ನ್ ಹೊಡೀಬೇಕೋ ನಿನಗ?" ಎಂದ ಕಾಶಿರಾಮ.

ಅಷ್ಟರಲ್ಲಿ ರೈಲು ಬಂತು. ಸಾವ್ಕಾರರು ವೈಜಿನಾಥನ ಕೈಯಿಂದ ಚೀಲ ತೆಗೆದುಕೊಂಡು, ನಾಳೆ ಸಂಜೆ ಇದೇ ಸ್ಟೇಷನ್ನಿಗೆ ಜೀಪು ತರಲು ಕಾಶಿರಾಮನಿಗೆ ಹೇಳಿದರು. ಎರಡು ಹೆಜ್ಜೆ ಹೋದವರು ತಿರುಗಿ, ಕರಿಮುಖದಲ್ಲೇ ವೈಜಿನಾಥನನ್ನು ನೋಡಿದರು.

"ಗಾಡಿ ಚಲೋ ಅದಪಾ. ಇನ್ನೊಮ್ಮಿ ಬರೀ ಚೀಲ ಕಳಸೋದಿತ್ತಂದ್ರ ನಿನಗೇ ಹೇಳ್ತೀನಿ."